ಅವ್ವನ ಉಸಿರಿನ ವಹಿ

(ಅಕ್ಕಲಕೋಟ ತಾಲೂಕಿನ ಒಂದು ಊರಿನ ಕನ್ನಡ ಕಲಿಕಾ ವರ್ಗದಲ್ಲಿ ಸಂಯೋಜಕಿ ಮಾಡಿದ ಭಾಷಣ)



ಮೊದಲ ಪುಸ್ತಕದಲ್ಲಿ ನೀವು ‘ಉ’ ಅಕ್ಷರ ಕಲಿತಿರಿ. ಉ ಅಂದರೆ ಉಂಗುರ. ಉ ಅಂದರೆ ಉಪ್ಪು. ಇವತ್ತು ಇನ್ನೊಂದು ಮಾತು ಸೇರಿಸೋಣ. ಉ ಅಂದರೆ ಉಸಿರು.

ಉಸಿರು ಸರಿಯಾಗಿ ಇರೋತನಕ ನಮಗೆ ಅದರ ನೆನಪೇ ಇರೋದಿಲ್ಲ. ಅದು ಕೆಟ್ಟಾಗ ಬೇರೆ ಏನೂ ನೆನಪಿರೋದಿಲ್ಲ. ಈ ಮಾತು ನನಗೆ ಹೇಳಿದವಳು ನಮ್ಮ ಅವ್ವ. ಅವ್ವನಿಗೆ ಬಹಳ ವರ್ಷದಿಂದ ಶ್ವಾಸದ ಕಾಯಿಲೆ ಇದೆ. ಅದು ವಾಸಿ ಆಗಿ ಹೋಗುವಂಥದ್ದಲ್ಲ. ಅದರ ಸಂಗಡ ಬದುಕಬೇಕು. ಹೆಂಗ ಬದುಕಬೇಕು ಅಂತ ಕಲಿಸಿದವಳು ಒಬ್ಬ ನರ್ಸ್. ಇವತ್ತು ಆ ಕಥೆ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ. ಅದನ್ನೂ ಹೇಳುತ್ತೇನೆ.

ಬೀಡಿ ಸೇದದವಳಿಗೆ ಈ ರೋಗ ಹೆಂಗ ಬಂತು?

ಅವ್ವ ಒಂದು ದಿನವೂ ಬೀಡಿ ಮುಟ್ಟಿದವಳಲ್ಲ. ಆದರೆ ಸಣ್ಣವಳಿದ್ದಾಗಿನಿಂದ ಒಲೆ ಮುಂದೆ ಕೂತವಳು. ತೊಗರಿ ಕಟ್ಟಿಗೆ, ಕುಳ್ಳು, ಜೋಳದ ಕಣಿಕೆ, ಇವೇ ಉರುವಲು. ಮುಂಜಾನೆ ಇಪ್ಪತ್ತು ರೊಟ್ಟಿ, ಸಂಜೆ ಇಪ್ಪತ್ತು ರೊಟ್ಟಿ. ಕಿಟಕಿ ಇಲ್ಲದ ಅಡಿಗಿ ಮನೆ. ಹೊಗೆ ಹೊರಗ ಹೋಗಲಿಕ್ಕೆ ದಾರಿ ಇರಲಿಲ್ಲ. ಹಿಂಗಾಗಿ ಅದು ಅವ್ವನ ಎದೆಯಲ್ಲಿ ಹೋಗಿ ಕೂತಿತು.

ಇದಕ್ಕೆ ಡಾಕ್ಟರು ಸಿಒಪಿಡಿ ಅಂತಾರೆ. ಶ್ವಾಸನಾಳ ದಿನದಿನಕ್ಕೆ ಇಕ್ಕಟ್ಟಾಗುವ ಕಾಯಿಲೆ ಅದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಇದರಿಂದ ತೀರಿಕೊಂಡರು. ಇದು ಸಣ್ಣ ರೋಗವಲ್ಲ. ಆದರೂ ಇದರ ಹೆಸರು ನಮ್ಮ ಊರಿನಲ್ಲಿ ಎಷ್ಟು ಮಂದಿಗೆ ಗೊತ್ತು? ನಾವು ಎಲ್ಲದಕ್ಕೂ ‘ದಮ್ಮು’ ಅಂತೀವಿ, ಇಲ್ಲಾ ‘ವಯಸ್ಸಾತು’ ಅಂತೀವಿ.

ಕಾರಣ ಹಲವು. ಬೀಡಿ, ಸಿಗರೇಟು ಒಂದು. ಬೀಡಿ ಎಲೆಯಲ್ಲಿ ಸುತ್ತಿದ್ದು, ಅದರಲ್ಲಿ ಕೇಡು ಕಡಿಮೆ ಅಂತ ಕೆಲವರು ತಿಳಿದಾರ. ಅದು ಸುಳ್ಳು. ಬೀಡಿ ಆರಿ ಹೋಗಬಾರದು ಅಂತ ಮೇಲಿಂದ ಮೇಲೆ, ಜೋರಾಗಿ ಎಳೀಬೇಕಾಗುತ್ತದೆ. ಒಲೆ ಹೊಗೆ ಇನ್ನೊಂದು ಕಾರಣ. ಧೂಳು ಮತ್ತೊಂದು. ಸೋಲಾಪುರದಾಗ ನಮ್ಮ ಎಷ್ಟೋ ಅಕ್ಕಂದಿರು ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಾರೆ. ಬೀಡಿ ಸೇದದಿದ್ದರೂ ತಂಬಾಕಿನ ಪುಡಿ ಮೂಗಿಗೆ ಹೋಗುತ್ತದೆ. ಹತ್ತಿಯ ಧೂಳಿನಲ್ಲಿ ದುಡಿಯುವವರಿಗೆ ಬರುವ ಒಂದು ಕಾಯಿಲೆ ಇದೆ. ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುತ್ತದೆ. ಸೂಲಗಿರಣಿಯ ಹಳೆಯ ಕೆಲಸಗಾರರನ್ನು ಕೇಳಿ ನೋಡ್ರಿ.

ಒಳಗೆ ಏನಾಗುತ್ತದೆ ಅಂದರೆ, ಶ್ವಾಸಕೋಶ ಕಮ್ಮಾರನ ತಿದಿ ಇದ್ದಂಗ. ಹಿಗ್ಗಬೇಕು, ಕುಗ್ಗಬೇಕು. ಈ ಕಾಯಿಲೆಯಲ್ಲಿ ನಾಳ ಬಾತು ಕಫ ತುಂಬುತ್ತದೆ. ಶ್ವಾಸಕೋಶ ಹಳೇ ಎಲಾಸ್ಟಿಕ್‌ನಂತೆ ಸಡಿಲಾಗುತ್ತದೆ. ಆಗ ಗಾಳಿ ಒಳಗೆ ಹೋಗುತ್ತದೆ, ಪೂರಾ ಹೊರಗೆ ಬರೋದಿಲ್ಲ. ಹಳೆ ಗಾಳಿ ಒಳಗೇ ಕೂತರೆ ಹೊಸ ಗಾಳಿಗೆ ಜಾಗ ಎಲ್ಲಿ? ರೋಗಿ ‘ಉಸಿರು ತಗೊಳ್ಳಲಿಕ್ಕೆ ಆಗವಲ್ದು’ ಅಂತಾನೆ. ನಿಜವಾಗಿ ತೊಂದರೆ ಇರೋದು ಉಸಿರು ಬಿಡುವುದರಲ್ಲಿ.

ಹೋದ ನಾಳ ಮತ್ತೆ ಹೊಸದಾಗೋದಿಲ್ಲ. ಆದರೆ ಉಳಿದದ್ದನ್ನು ಕಾಪಾಡಬಹುದು.

ನನ್ನ ತಪ್ಪು

ಈಗ ನನ್ನ ತಪ್ಪಿನ ಮಾತು. ನಾನು ಬಿ.ಎ. ಓದಿದವಳು. ಊರವರಿಗೆ ಅಕ್ಷರ ಕಲಿಸುವವಳು. 2022ರ ನವೆಂಬರಿನಲ್ಲಿ ಅವ್ವನಿಗೆ ಒಬ್ಬ ಡಾಕ್ಟರು ಔಷಧ ಬರೆದುಕೊಟ್ಟರು. ಔಷಧ ಅಂಗಡಿಯವರು ಒಂದು ಡಬ್ಬಿ ಕ್ಯಾಪ್ಸೂಲ್ ಕೊಟ್ಟರು, ಒಂದು ಸಣ್ಣ ಪ್ಲಾಸ್ಟಿಕ್ ಯಂತ್ರ ಕೊಟ್ಟರು. ಹೆಂಗ ತಗೋಬೇಕು ಅಂತ ಯಾರೂ ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ನನಗೆ ಇಂಗ್ಲಿಷ್ ಓದಲು ಬರುತ್ತದೆ. ಆದರೂ ಓದಲಿಲ್ಲ. “ಅವ್ವ, ಮುಂಜಾನೆ ಒಂದು, ರಾತ್ರಿ ಒಂದು” ಅಂತ ಹೇಳಿ ನನ್ನ ಕೆಲಸಕ್ಕೆ ಹೋದೆ.

ಅವ್ವ ಮೂರು ವಾರ ಆ ಕ್ಯಾಪ್ಸೂಲನ್ನು ನೀರಿನ ಸಂಗಡ ನುಂಗಿದಳು.

ಅದು ನುಂಗುವ ಗುಳಿಗೆ ಅಲ್ಲ. ಯಂತ್ರದಲ್ಲಿ ಹಾಕಿ, ಒಡೆದು, ಒಳಗಿನ ಪುಡಿಯನ್ನು ಬಾಯಿಂದ ಎದೆಗೆ ಎಳೆದುಕೊಳ್ಳುವ ಔಷಧ. ಹೊಟ್ಟೆಗೆ ಹೋದರೆ ಎದೆಗೆ ಕೆಲಸ ಮಾಡೋದಿಲ್ಲ. ಪ್ಲಾಸ್ಟಿಕ್ ಯಂತ್ರವನ್ನು ಅವ್ವ ದೇವರ ಮಾಡದಲ್ಲಿ ಇಟ್ಟಿದ್ದಳು. “ದುಬಾರಿ ಸಾಮಾನು ಇರಬೇಕು, ಮಕ್ಕಳು ಮುರದಾವು” ಅಂತ.

ಡಿಸೆಂಬರ್ ಥಂಡಿ ಬಂತು. ಒಂದು ರಾತ್ರಿ ಅವ್ವ ಮಲಗಲಿಲ್ಲ. ಮುಂದೆ ಬಾಗಿ, ಎರಡೂ ಕೈ ಮೊಳಕಾಲಿನ ಮೇಲೆ ಊರಿ ಕೂತಿದ್ದಳು. ಒಂದು ಮಾತು ಪೂರಾ ಆಡಲಿಕ್ಕೆ ಆಗುತ್ತಿರಲಿಲ್ಲ. ತುಟಿ ನೀಲಿ ಆಗಿದ್ದವು. 108ಕ್ಕೆ ಫೋನ್ ಮಾಡಿ ಸೋಲಾಪುರದ ಒಂದು ಆಸ್ಪತ್ರೆಗೆ ಒಯ್ದೆವು.

ಸಿಸ್ಟರ್ ಕೇಳಿದ ಪ್ರಶ್ನೆ

ಅಲ್ಲಿ ಇನ್ನೊಂದು ತೊಡಕು. ಅವ್ವನಿಗೆ ಮರಾಠಿ ಸರಿಯಾಗಿ ಬರೋದಿಲ್ಲ. ಡಾಕ್ಟರಿಗೆ ಕನ್ನಡ ಬರೋದಿಲ್ಲ. ನಡುವೆ ನಾನು. ಅವ್ವ “ಎದಿ ಬಿಗದಂಗ ಆಗ್ತದ” ಅಂದಳು. ನಾನು ಗಾಬರಿಯಲ್ಲಿ ‘ಎದೆ ನೋಯುತ್ತದೆ’ ಅಂತ ಮರಾಠಿಯಲ್ಲಿ ಹೇಳಿದೆ. ಅವರು ಮೊದಲು ಹೃದಯದ ಪರೀಕ್ಷೆ ಮಾಡಿದರು. ಹೃದಯ ಸರಿ ಇತ್ತು. ಬಿಗಿತ ಬೇರೆ, ನೋವು ಬೇರೆ. ಗಡಿಯಲ್ಲಿ ಇರುವ ನಾವು ಇದನ್ನ ನೆನಪಿಡಬೇಕು. ರೋಗಿ ಆಡಿದ ಮಾತನ್ನು ಹಂಗೇ ದಾಟಿಸಬೇಕು. ನಮ್ಮ ಮಾತು ಸೇರಿಸಬಾರದು.

ನಮ್ಮಲ್ಲಿ ಉಸಿರಿನ ತೊಂದರೆಗೆ ಎಷ್ಟು ಮಾತು ಇವೆ ನೋಡ್ರಿ. ತೇಕು, ಏದುಸಿರು, ಉಬ್ಬಸ, ದಮ್ಮು, ಗೂರಲು, ಎದೆ ಬಿಗಿತ, ಸುಂಯ್ ಅನ್ನುವ ಸಪ್ಪಳ. ಒಂದೊಂದು ಮಾತಿಗೆ ಒಂದೊಂದು ಅರ್ಥ. ಒಳ್ಳೆಯ ನರ್ಸ್ ಈ ಮಾತುಗಳನ್ನು ಕಿವಿಗೊಟ್ಟು ಕೇಳುತ್ತಾಳೆ. ರೋಗಿ ಏನು ಅಂತಾನೆ ಅನ್ನುವುದರಲ್ಲೇ ಅರ್ಧ ರೋಗ ಗೊತ್ತಾಗುತ್ತದೆ.

ಅವ್ವನ ಮೂಗು, ಬಾಯಿಗೆ ಬಿಗಿಯಾದ ಮಾಸ್ಕ್ ಕಟ್ಟಿದರು. ಯಂತ್ರ ಜೋರಾಗಿ ಗಾಳಿ ಒತ್ತುತ್ತಿತ್ತು. ಅವ್ವ ಹೆದರಿ ಕಿತ್ತು ಒಗೆದಳು. “ಕುತ್ತಿಗಿ ಹಿಚಕಿದಂಗ ಆಗ್ತದ, ನನ್ನ ಸಾಯಲಿಕ್ಕೆ ಬಿಡ್ರಿ” ಅಂದಳು. ರಾತ್ರಿ ಪಾಳಿಯ ಸಿಸ್ಟರ್ ಬಯ್ಯಲಿಲ್ಲ. ಅವ್ವನ ಕೈ ಹಿಡಿದು ಮಾಸ್ಕನ್ನು ಮೊದಲು ಅವಳ ಕೈಯಲ್ಲೇ ಕೊಟ್ಟರು. “ನೀವೇ ಮುಖಕ್ಕೆ ಹಿಡೀರಿ. ಬ್ಯಾಡಾದರ ನೀವೇ ತೆಗೀರಿ” ಅಂತ ನನ್ನ ಕಡೆಯಿಂದ ಹೇಳಿಸಿದರು. ಆಮೇಲೆ ಅವ್ವನ ಮುಂದೆ ಕೂತು ತಾವೂ ಸಾವಕಾಶ ಉಸಿರು ತಗೊಂಡರು, ಬಿಟ್ಟರು. ಅವ್ವ ಅವರ ಮುಖ ನೋಡುತ್ತ ಹಂಗೇ ಮಾಡಿದಳು. ಅರ್ಧ ತಾಸಿಗೆ ಮಾಸ್ಕ್ ಒಗ್ಗಿತು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ಉಸಿರಿಗೆ ಭಾಷೆ ಬೇಕಾಗಲಿಲ್ಲ.

ನಾನು ಇನ್ನೊಂದು ಅವಸರ ಮಾಡಿದೆ. “ಆಕ್ಸಿಜನ್ ಇನ್ನೂ ಹೆಚ್ಚು ಬಿಡ್ರಿ” ಅಂದೆ. ಸಿಸ್ಟರ್ ತಿಳಿಸಿ ಹೇಳಿದರು. ಇಂಥ ಹಳೆಯ ರೋಗಿಗಳಿಗೆ ಆಕ್ಸಿಜನ್ ಔಷಧ ಇದ್ದಂಗ, ಅಳತೆಯಲ್ಲಿ ಕೊಡಬೇಕು. ಬೆರಳಿನ ಯಂತ್ರದ ಅಂಕಿ ಸಾಮಾನ್ಯವಾಗಿ 88 ರಿಂದ 92ರ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. ಅತಿ ಆದರೆ ಕೆಟ್ಟ ಗಾಳಿ ರಕ್ತದಲ್ಲಿ ಉಳಿದು ರೋಗಿ ಮಂಪರಿಗೆ ಜಾರಬಹುದು.

ನಾಲ್ಕನೆಯ ದಿನ ಅವ್ವ ಎದ್ದು ಕೂತಳು. ಆಗ ಸಿಸ್ಟರ್ ಅವ್ವನ ಔಷಧದ ಚೀಲ ತೆಗೆದು ಕೇಳಿದರು, “ಕಸಂ ಘೇತಾ? ದಾಖವಾ.” ಹೆಂಗ ತಗೋತೀರಿ, ತೋರಸ್ರಿ ಅಂತ.

‘ಔಷಧ ತಗೋತೀರಾ?’ ಅಂತ ಎಲ್ಲರೂ ಕೇಳಿದ್ದರು. ಅವ್ವ ‘ಹೌದು’ ಅಂದಿದ್ದಳು. ಅದು ಸುಳ್ಳಲ್ಲ. ‘ತೋರಿಸಿ’ ಅಂದವರು ಇವರೊಬ್ಬರೇ. ಅವ್ವ ಕ್ಯಾಪ್ಸೂಲ್ ತೆಗೆದಳು, ಬಾಯಿಗೆ ಹಾಕಲು ಹೋದಳು. ನಾನು ತಲೆ ತಗ್ಗಿಸಿದೆ. ಸಿಸ್ಟರ್ ನಗಲಿಲ್ಲ. “ಬಹಳ ಮಂದಿ ಹಿಂಗ ಮಾಡ್ತಾರ. ತಪ್ಪು ತೋರಿಸದವರದು” ಅಂದರು.

ಪಂಪ್ ತಗೊಳ್ಳುವ ರೀತಿ

ಅವರು ಕಲಿಸಿದ್ದನ್ನು ನಿಮಗೂ ಹೇಳುತ್ತೇನೆ.

ಕ್ಯಾಪ್ಸೂಲ್ ಯಂತ್ರ ಇದ್ದರೆ: ಕ್ಯಾಪ್ಸೂಲ್ ನುಂಗಬೇಡಿ. ಯಂತ್ರದಲ್ಲಿ ಹಾಕಿ ಒಡೆಯಿರಿ. ಮೊದಲು ಉಸಿರು ಹೊರಗೆ ಬಿಡಿ, ಆದರೆ ಯಂತ್ರದ ಒಳಗೆ ಊದಬೇಡಿ. ತುಟಿ ಬಿಗಿದು ಜೋರಾಗಿ, ಆಳವಾಗಿ ಎಳೆಯಿರಿ. ಹತ್ತು ಎಣಿಸುವತನಕ ಉಸಿರು ಹಿಡಿಯಿರಿ. ಒಳಗೆ ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಿರಿ.

ಒತ್ತುವ ಪಂಪ್ ಇದ್ದರೆ: ಅಲುಗಾಡಿಸಿ. ಉಸಿರು ಹೊರಗೆ ಬಿಡಿ. ತುಟಿ ಬಿಗಿದು, ಎಳೆಯಲು ಶುರು ಮಾಡಿದ ಕೂಡಲೇ ಒತ್ತಿ. ಇಲ್ಲಿ ಸಾವಕಾಶ ಎಳೆಯಬೇಕು. ಹತ್ತು ಎಣಿಸಿ. ಎರಡನೆಯ ಸಲ ಬೇಕಿದ್ದರೆ ಒಂದು ನಿಮಿಷ ಬಿಟ್ಟು ತಗೊಳ್ಳಿ. ಕೈಗೂ ಉಸಿರಿಗೂ ಹೊಂದಿಕೆ ಆಗದವರು ‘ಸ್ಪೇಸರ್’ ಅನ್ನುವ ಡಬ್ಬಿ ಕೇಳಿ ಪಡೆಯಿರಿ.

ದಿನಾಲೂ ತಗೊಳ್ಳುವ ಪಂಪಿನಲ್ಲಿ ಬಹಳ ಸಲ ಸ್ಟಿರಾಯ್ಡ್ ಇರುತ್ತದೆ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಬರಬಹುದು.

ಪಂಪ್ ಎರಡು ತರಹ. ಒಂದು ದಿನಾಲೂ ತಗೊಳ್ಳುವುದು, ಚಲೋ ಇದ್ದಾಗಲೂ ಬಿಡಬಾರದು. ಇನ್ನೊಂದು ತೇಕು ಬಂದಾಗ ತಗೊಳ್ಳುವುದು. ತೇಕಿನ ಪಂಪ್ ಹೆಚ್ಚಾಗಿ ನೀಲಿ ಇರುತ್ತದೆ. ಆದರೆ ಕಂಪನಿ ಬದಲಾದರೆ ಬಣ್ಣವೂ ಬದಲಾಗಬಹುದು. ಬಣ್ಣ ನಂಬಬ್ಯಾಡ್ರಿ, ಹೆಸರು ಓದಿಸ್ರಿ. ಆಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿ, ನೀವೇ ಕನ್ನಡದಲ್ಲಿ ಬರೆಯಿರಿ. ಒಂದರ ಮೇಲೆ ‘ದಿನಾಲೂ’. ಇನ್ನೊಂದರ ಮೇಲೆ ‘ತೇಕು’. ನೀವು ಕಲಿತ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಪಂಪಿಗೆ ಚಟ ಹತ್ತುತ್ತದೆ ಅಂತ ಅಂಜುವವರು ಬಹಳ. ಪಂಪಿಗೆ ಚಟ ಹತ್ತೋದಿಲ್ಲ. ಚಟ ಹತ್ತುವುದು ಬೀಡಿಗೆ.

ರೋಗಿಯ ಮನಸ್ಸು

ಮನೆಗೆ ಬಂದ ಮೇಲೆ ಅವ್ವ ಸುಮ್ಮನಾದಳು. ಲಗ್ನಕ್ಕೆ ಕರೆದರೂ ಒಲ್ಲೆ ಅಂದಳು. ಕಾರಣ ಕೇಳಿದರೆ ಹೇಳಲಿಲ್ಲ. ಬಹಳ ದಿನದ ಮೇಲೆ ಹೇಳಿದಳು. “ಬಸ್ಸಿನಾಗ ಕೆಮ್ಮಿದರ ಮಂದಿ ಸರಿದು ಕೂಡ್ತಾರ.” 2020ರಲ್ಲಿ ಕೊರೊನಾ ಬಂದ ಮೇಲೆ ಕೆಮ್ಮುವವರನ್ನು ಕಂಡರೆ ಎಲ್ಲರಿಗೂ ಅಂಜಿಕೆ. ಅವ್ವನಿಗೆ ಇದ್ದದ್ದು ಅಂಟುವ ರೋಗವಲ್ಲ. ಅದನ್ನ ಎಷ್ಟು ಮಂದಿಗೆ ಹೇಳುತ್ತ ಹೋಗಬೇಕು?

ಇನ್ನೂ ಸಣ್ಣ ಸಣ್ಣ ನೋವು ಇದ್ದವು. ತಲೆ ಬಾಚಲಿಕ್ಕೆ ಕೈ ಮೇಲೆ ಎತ್ತಿದರೆ ತೇಕು. ಸ್ನಾನ ಮಾಡಿದರೆ ತೇಕು. ಹೊಟ್ಟೆ ತುಂಬ ಉಂಡರೆ ತೇಕು. ನಡೆಯುತ್ತ ಮಾತಾಡಲಿಕ್ಕೆ ಆಗೋದಿಲ್ಲ. ನಾವು ಮಾತ್ರ “ಅವ್ವ ಸಿಟ್ಟಿಗೆದ್ದಾಳ, ಮಾತಾಡವಲ್ಲಳು” ಅಂದುಕೊಂಡೆವು. ರಾತ್ರಿ ದೀಪ ಆರಿಸಬ್ಯಾಡ ಅಂತಿದ್ದಳು. ಕತ್ತಲಿಗೆ ಅಂಜಿ ಅಲ್ಲ. ಮತ್ತೆ ಆ ರಾತ್ರಿ ಬಂದರೆ ಹೆಂಗ ಅಂತ ಅಂಜಿಕೆ.

ಬಹಳ ದಿನದ ರೋಗ ಹಿಂಗೇ. ಹೊರಗಿನವರಿಗೆ ಅದು ಕಾಣೋದಿಲ್ಲ. ‘ಚಲೋ ಅದೀಯಲ್ಲ’ ಅಂತಾರೆ. ರೋಗಿಗೆ ತಾನು ಮನೆಗೆ ಭಾರ ಅನ್ನಿಸುತ್ತದೆ. ಇದನ್ನ ಕೇಳಿಸಿಕೊಳ್ಳುವುದೂ ಶುಶ್ರೂಷೆಯೇ. ಔಷಧ ಕೊಡುವುದು ಎರಡು ನಿಮಿಷದ ಕೆಲಸ. ಪಕ್ಕದಲ್ಲಿ ಕೂಡುವುದು ಉಳಿದ ಕೆಲಸ.

ನರ್ಸ್ ಕೆಲಸಕ್ಕೆ ಹೊಸ ದಾರಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1820ರ ಮೇ 12ರಂದು ಹುಟ್ಟಿದರು. ಆ ದಿನವನ್ನೇ ನರ್ಸುಗಳ ದಿನ ಅಂತ ಆಚರಿಸುತ್ತಾರೆ. ಶುಶ್ರೂಷೆ ಬಗ್ಗೆ ಅವರು ಬರೆದ ಪುಸ್ತಕದ ಮೊದಲ ಪಾಠವೇ ಗಾಳಿಯದು. ರೋಗಿಗೆ ಥಂಡಿ ಆಗದಂತೆ ಶುದ್ಧ ಗಾಳಿ ಕೊಡುವುದು ಎಲ್ಲಕ್ಕಿಂತ ಮೊದಲು ಅಂತ ಅವರು ಹೇಳಿದರು. ನಾವು ಮನೆಗೆ ಬಂದು ಮೊದಲು ಮಾಡಿದ್ದೂ ಅದೇ. ಅಡಿಗಿ ಮನೆ ಗೋಡೆ ಒಡೆದು ಒಂದು ಕಿಟಕಿ ಇಟ್ಟೆವು. ಗ್ಯಾಸ್ ಮನೆಯಲ್ಲಿ ಇತ್ತು. ಆದರೆ ರೊಟ್ಟಿ ಒಲೆಯದೇ ರುಚಿ ಅಂತ ಒಲೆ ಉರಿಯುತ್ತಿತ್ತು. ಅದನ್ನ ನಿಲ್ಲಿಸಿದೆವು. ಗ್ಯಾಸ್ ತುಟ್ಟಿ, ಖರೆ. ಆಸ್ಪತ್ರೆ ಅದಕ್ಕಿಂತ ತುಟ್ಟಿ.

ವಹಿ

ಬಿಡುಗಡೆ ಮಾಡುವಾಗ ಸಿಸ್ಟರ್ ಒಂದು ಮಾತು ಹೇಳಿದ್ದರು. “ಒಂದು ವಹಿ ಇಡ್ರಿ. ದಿನಾಲೂ ಬರೀರಿ. ಮುಂದಿನ ಸಲ ತಗೊಂಡು ಬರ್ರಿ.”

ಅವ್ವನಿಗೆ ಆಗ ಓದು ಬರಹ ಬರುತ್ತಿರಲಿಲ್ಲ. ಅಂಕಿ ಮಾತ್ರ ಸ್ವಲ್ಪ ಗೊತ್ತು. ನಾವು ಹಿಂಗ ಮಾಡಿದೆವು. ಐದು ಸಾಲು ಎಳೆದೆವು. ಒಂದರಲ್ಲಿ ತಾರೀಖು. ಎರಡರಲ್ಲಿ, ರಾತ್ರಿ ಎಷ್ಟು ಸಲ ಎದ್ದಳು. ಮೂರರಲ್ಲಿ, ತೇಕಿನ ಪಂಪ್ ಎಷ್ಟು ಸಲ ಬೇಕಾಯಿತು. ನಾಲ್ಕರಲ್ಲಿ, ಬಾಗಿಲಿನಿಂದ ಬೇವಿನ ಗಿಡದ ತನಕ ನಿಲ್ಲದೆ ಹೋಗಲಿಕ್ಕೆ ಆಯಿತೋ ಇಲ್ಲವೋ. ಆದರೆ ಗೆರೆ, ಇಲ್ಲದಿದ್ದರೆ ಸೊನ್ನೆ. ಐದರಲ್ಲಿ ಕಫದ ಬಣ್ಣ. ಬಿಳಿಗೆ ‘ಬಿ’, ಹಳದಿಗೆ ‘ಹ’. ಅವ್ವ ಕಲಿತ ಮೊದಲ ಎರಡು ಅಕ್ಷರ ‘ಬಿ’ ಮತ್ತು ‘ಹ’.

ಎರಡು ತಿಂಗಳಲ್ಲಿ ವಹಿ ಮಾತಾಡಲು ಶುರು ಮಾಡಿತು. ಮೆಣಸಿನಕಾಯಿ ಹುರಿದ ದಿನ ಪಂಪ್ ಹೆಚ್ಚು. ಪಕ್ಕದಲ್ಲಿ ಕಸ ಸುಟ್ಟ ದಿನ ಹೆಚ್ಚು. ತೊಗರಿ ರಾಶಿ ನಡೆದಾಗ ಇನ್ನೂ ಹೆಚ್ಚು. ಅಂಥ ದಿನ ಅವ್ವ ಬೇರೆ ಕಡೆ ಕೂಡಲು ಶುರು ಮಾಡಿದಳು.

2023ರ ನವೆಂಬರಿನಲ್ಲಿ ಒಂದು ಮುಂಜಾನೆ ಅವ್ವ ನನ್ನ ಎಬ್ಬಿಸಿ ವಹಿ ತೋರಿಸಿದಳು. ಎರಡು ದಿನದಿಂದ ‘ಹ’. ರಾತ್ರಿ ಎದ್ದದ್ದು ಮೂರು ಸಲ, ನಾಲ್ಕು ಸಲ. ಗಿಡದ ಸಾಲಿನಲ್ಲಿ ಸೊನ್ನೆ. “ಇವತ್ತ ಹೋಗೂಣು” ಅಂದಳು. ಅವತ್ತೇ ಹೋದೆವು. ಡಾಕ್ಟರು ವಹಿ ನೋಡಿದರು. ನಾನು ಏನೂ ಮರಾಠಿ ಮಾಡಿ ಹೇಳಬೇಕಾಗಲಿಲ್ಲ. ಅಂಕಿಗಳೇ ಹೇಳಿದವು. ಗುಳಿಗೆ ಬರೆದುಕೊಟ್ಟರು. ಈ ಸಲ ಆಸ್ಪತ್ರೆಯಲ್ಲಿ ಮಲಗಬೇಕಾಗಲಿಲ್ಲ, ಮಾಸ್ಕ್ ಬೇಕಾಗಲಿಲ್ಲ.

ಮೊದಲ ಸಲ ಡಬ್ಬಿ ಓದದೆ ನಾನು ಅವ್ವನನ್ನ ಆಸ್ಪತ್ರೆಗೆ ಕಳಿಸಿದೆ. ಎರಡನೆಯ ಸಲ ತನ್ನ ವಹಿ ತಾನೇ ಓದಿ ಅವ್ವ ಆಸ್ಪತ್ರೆ ತಪ್ಪಿಸಿಕೊಂಡಳು. ನಮ್ಮಿಬ್ಬರಲ್ಲಿ ಸಾಕ್ಷರರು ಯಾರು? ನೀವೇ ಹೇಳ್ರಿ.

ನೆನಪಿಡುವ ಮಾತು

ತೇಕು ಬಂದಾಗ ಮಲಗಬೇಡಿ. ಕೂತು ಮುಂದೆ ಬಾಗಿ, ಕೈ ಮೊಳಕಾಲಿನ ಮೇಲೆ ಇಡಿ. ಮೂಗಿನಿಂದ ಎರಡು ಎಣಿಸುತ್ತ ಉಸಿರು ತಗೊಳ್ಳಿ. ಬಿಸಿ ಚಹಾ ಊದುವಂತೆ ತುಟಿ ಚೂಪು ಮಾಡಿ, ನಾಲ್ಕು ಎಣಿಸುತ್ತ ಸಾವಕಾಶ ಬಿಡಿ. ಒಳಗೆ ಸಿಕ್ಕ ಹಳೆ ಗಾಳಿ ಹೊರಗೆ ಬರುತ್ತದೆ.

ಚಲೋ ಇದ್ದಾಗ ದಿನಾಲೂ ಸ್ವಲ್ಪ ನಡೆಯಿರಿ. ಕೂತೇ ಇದ್ದರೆ ಕಾಲಿನ ಶಕ್ತಿ ಹೋಗಿ ತೇಕು ಹೆಚ್ಚಾಗುತ್ತದೆ. ಸ್ವಲ್ಪ ಸ್ವಲ್ಪ, ಸಲ ಹೆಚ್ಚು ಮಾಡಿ ಉಣ್ಣಿರಿ. ನೆಗಡಿ ಜ್ವರದ ಲಸಿಕೆ, ನ್ಯುಮೋನಿಯಾ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಸರ್ಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ, ಔಷಧ ಎರಡೂ ಅಲ್ಲಿ ಪುಕ್ಕಟೆ.

ಬೀಡಿ, ತಂಬಾಕು ಬಿಡಬೇಕು ಅನ್ನುವವರಿಗೆ ಸರ್ಕಾರದ ಪುಕ್ಕಟೆ ಫೋನ್ ಇದೆ. ಅಂಕಿ ಬರೆದುಕೊಳ್ಳಿ: 1800 112 356.

ಮನೆಯಲ್ಲಿ ಆಕ್ಸಿಜನ್ ಇದ್ದರೆ ಹತ್ತಿರ ಒಲೆ, ದೀಪ, ಬೀಡಿ ಯಾವುದೂ ಬೇಡ. ಬೆಂಕಿ ಭಗ್ ಅಂತ ಹತ್ತುತ್ತದೆ.

ಒಂದು ಮಾತು ಪೂರಾ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ, ಪಂಪ್ ತಗೊಂಡರೂ ತೇಕು ಇಳಿಯದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಅವ್ವನ ರೋಗ ಹೋಗಿಲ್ಲ. ಹೋದ ವರ್ಷ ನಡೆದಷ್ಟು ದೂರ ಈ ವರ್ಷ ನಡೆಯೋದಿಲ್ಲ. ಅದನ್ನ ನಾನು ಮುಚ್ಚಿಡೋದಿಲ್ಲ. ಇವತ್ತು ನಿಮ್ಮ ಮುಂದೆ ಅವಳನ್ನ ಕರಕೊಂಡು ಬರಬೇಕು ಅಂತಿದ್ದೆ. ಮುಂಜಾನೆ ವಹಿ ನೋಡಿದಳು. “ನಿನ್ನಿ ರಾಶಿ ಧೂಳು ಬಾಳ ಇತ್ತು. ಇವತ್ತ ಬರೂದಿಲ್ಲ. ನೀನ ಹೇಳು” ಅಂದಳು. ಅದಕ್ಕೇ ನಾನೊಬ್ಬಳೇ ಬಂದೆ.

ನಿಮ್ಮ ಮನೆಯಲ್ಲೂ ಒಬ್ಬರು ಹಿಂಗ ಉಸಿರು ಎಣಿಸುತ್ತ ಕೂತಿರಬಹುದು. ಇವತ್ತು ರಾತ್ರಿ ಅವರ ಪಕ್ಕ ಕೂಡ್ರಿ. ಔಷಧದ ಚೀಲ ತೆಗೀರಿ. ಸಿಟ್ಟು ಮಾಡದೆ, ನಗದೆ ಕೇಳ್ರಿ: “ಹೆಂಗ ತಗೋತೀ? ತೋರಸು.” ಆಮೇಲೆ ಒಂದು ವಹಿ ತಗೊಂಡು ಮೊದಲ ಸಾಲಿನಲ್ಲಿ ತಾರೀಖು ಬರೀರಿ. ಮುಂದಿನ ವಾರ ವರ್ಗಕ್ಕೆ ಬರುವಾಗ ಅದನ್ನ ತರ್ರಿ. ಕೂಡಿ ಓದೋಣ.